ಮೊದಲ ಅಳು

ಮಾರ್ಚ್ ೧೧, ಮಂಗಳವಾರ

ನಾಳೆ ಎಂಟಕ್ಕೆ ಸಿಸೇರಿಯನ್. ಹಿಂದೆ ಬೆನ್ನುಮೂಳೆಗೆ ಆಪರೇಷನ್ ಆಗಿರುವುದರಿಂದ ನನಗೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರಂತೆ. ಮಗು ಹುಟ್ಟುವಾಗ ನನಗೆ ಎಚ್ಚರವಿರುವುದಿಲ್ಲ. ಹೀಗೆ ಬರೆದು ನೋಡಿದೆ, ಏನೂ ಅನಿಸಲಿಲ್ಲ.

ಗಂಟಲಿಗೆ ಕೊಳವೆ ಹಾಕಬೇಕೆಂದು, ಅಲುಗಾಡುವ ಹಲ್ಲಿದೆಯೇ ಎಂದು ಅರಿವಳಿಕೆ ಡಾಕ್ಟರು ಕೇಳಿದರು. ಇಲ್ಲ ಎಂದೆ. "ಇನ್ನೇನಾದ್ರೂ ಕೇಳೋದಿದ್ಯಾಮ್ಮ?" ಎಂದಾಗಲೂ ಇಲ್ಲ ಎಂದೆ. ಕೇಳುವುದಿತ್ತು.

ಸಂಜೆ ಆಪರೇಷನ್ ಥಿಯೇಟರಿನ ಆಯಾ ಬಂದು ನನ್ನ ಉಗುರಿನ ಬಣ್ಣ ಒರೆಸುತ್ತಿದ್ದರು. ಎಂಟನೆಯ ಬೆರಳಿಗೆ ಬಂದಾಗ ಬಾಯಿಬಿಟ್ಟೆ: "ಅಕ್ಕಾ, ಮಗು ಮೊದಲು ಹೇಗೆ ಅತ್ತಿತು ಅಂತ ಆಮೇಲೆ ನನಗೆ ಹೇಳ್ತೀರಾ?"

"ಹೇಳೋಕೆ ಬರಲ್ಲ ತಾಯಿ, ನಾನೇ ಅತ್ತು ತೋರಿಸ್ಬೇಕು. ವಾರ್ಡಿನವರೆಲ್ಲ ಓಡಿ ಬಂದ್ರೆ ನೀನೇ ಜವಾಬ್ದಾರಿ."

ನಗು ಬರಲಿಲ್ಲ. ಉಳಿದೆರಡು ಬೆರಳನ್ನು ನಾನೇ ಮುಂದೆ ಚಾಚಿದೆ.

ನಾಳೆ ಬೆಳಿಗ್ಗೆ ಅವರದೇ ಪಾಳಿ ತಾನೇ? ಅದನ್ನು ಕೇಳಲೇ ಇಲ್ಲ.