ಚಂದ್ರಿಕೆ ಅಂಗಡೀಲಿ ಏಜೆಂಟ್ ಆಫೀಸು

ಜಂಗಮಕೋಟೆ
೧೪-೭-೨೦೨೫, ಸೋಮವಾರ

ಹರಿಣಿ ಅಕ್ಕಾ,

ನಾನು ಚೆನ್ನಾಗಿದೀನಿ. ಮೂರು ತಿಂಗಳಿಂದ ಒಂದೇ ಕುರ್ಚಿ ಮೇಲೆ ಕೂತಿದೀನಿ ಅಂದ್ರೆ ನೀನು ನಂಬಲ್ಲ, ಆದ್ರೂ ನಿಜ.

ಮೊನ್ನೆ ನೀನು ಫೋನ್ ಮಾಡಿ, ಕೆಂಪರಾಜು ಭಾವನೂ ನಿನ್ ತರ ಸೈಟ್ ಮಾರೋ ಏಜೆಂಟ್ ಆಗ್ತಾರಂತೆ, ಲೈಸೆನ್ಸ್‌ಗೆ ಏನೇನ್ ಬೇಕು ಹೇಳೋ ಅಂದೆ. ಲೇಔಟ್ ಮಾಡೋ ರಮೇಶ್‌ಬಾಬು ಅವರೇ ಫೋನ್ ಮಾಡಿ ಕರೆದ್ರು, ಭಾನುವಾರ ವ್ಯಾನ್ ಕಳಿಸ್ತಾರೆ, ಭಾವ ನಮ್ ಬೀದಿ ಹನ್ನೆರಡು ಮನೆಯವರನ್ನ ನಂದಿ ಹತ್ರ ಸೈಟ್ ತೋರ್ಸೋಕೆ ಕರ್ಕೊಂಡು ಹೋಗ್ತಾರೆ ಅಂತಾನೂ ಅಂದೆ. ನಾನು ಬಸ್ಸಲ್ಲಿದೀನಿ ಅಂತ ಕಟ್ ಮಾಡ್ದೆ. ಬಸ್ಸಲ್ಲಿ ಇರ್ಲಿಲ್ಲ. ನೀನು ಯಾವಾಗ್ಲೂ ಸ್ಪೀಕರ್ ಹಾಕ್ತೀಯ, ಭಾವ ಪಕ್ಕದಲ್ಲೇ ಇರ್ತಾರೆ. ಅದಕ್ಕೆ ನಿನ್ ಅಂಗನವಾಡಿ ಅಡ್ರೆಸ್‌ಗೆ ಬರೀತಿದೀನಿ. ಟೆಂತ್ ಪರೀಕ್ಷೆ ಆದ್ಮೇಲೆ ಇಷ್ಟುದ್ದ ಬರೀತಿರೋದು ಇವತ್ತೇ, ತಪ್ಪಿದ್ರೆ ಮಕ್ಕಳ ಸ್ಲೇಟ್ ಅಂದ್ಕೊಂಡು ಓದ್ಕೋ.

ಮೊದ್ಲು ನೀನು ಕೇಳಿದ್ದು. ಲೈಸೆನ್ಸ್ ಅಂತ ಬಾಯಲ್ಲಿ ಅಂತೀವಿ, ಅದು ರೇರಾದಲ್ಲಿ, ಅಂದ್ರೆ ಸೈಟ್, ಮನೆ ವ್ಯಾಪಾರ ನೋಡ್ಕೊಳ್ಳೋ ಸರ್ಕಾರಿ ಪ್ರಾಧಿಕಾರದಲ್ಲಿ, ಏಜೆಂಟ್ ಅಂತ ಹೆಸರು ರಿಜಿಸ್ಟರ್ ಮಾಡ್ಸೋದು. ಎಲ್ಲಾ ಆನ್‌ಲೈನು. ಆಧಾರ್, ಪ್ಯಾನ್, ಫೋಟೋ ಬೇಕು. ಮೂರು ವರ್ಷದ ಐಟಿ ರಿಟರ್ನ್ ಕೇಳ್ತಾರೆ, ಕಟ್ಟಿಲ್ಲ ಅಂದ್ರೆ ಯಾಕೆ ಕಟ್ಟಿಲ್ಲ ಅಂತ ಬರ್ಕೊಡ್ಬೇಕು. ಎಷ್ಟು ಓದಿದೀಯ ಅಂತ ನನ್ನನ್ನ ಯಾರೂ ತಡೀಲಿಲ್ಲ. ಶಿಡ್ಲಘಟ್ಟದ ಸೈಬರ್‌ನವನು ಮಾತ್ರ ಫೋಟೋ ಸೈಜ್ ಜಾಸ್ತಿ, ಸೈನ್ ಕಾಣ್ತಿಲ್ಲ ಅಂತ ಮೂರು ದಿನ ಅಲೆಸ್ದ. ನಂಬರ್ ಬಂದ್ಮೇಲೆ ಸರ್ಟಿಫಿಕೇಟ್‌ನ ಆಫೀಸಲ್ಲಿ ಎಲ್ರಿಗೂ ಕಾಣೋ ಹಂಗೆ ಹಾಕ್ಬೇಕು. ಐದು ವರ್ಷ ನಡೆಯುತ್ತೆ. ಇನ್ನೊಂದು ಮಾತು ಭಾವನಿಗೆ ಎರಡು ಸಲ ಹೇಳು. ಲೇಔಟ್‌ಗೂ ಅದರದ್ದೇ ರೇರಾ ನಂಬರ್ ಇರುತ್ತೆ, ಬೇಕಾಗಿದ್ದೂ ಅದಿಲ್ದೇ ಇರೋ ಲೇಔಟ್‌ನಲ್ಲಿ ನಂಬರ್ ಇರೋ ಏಜೆಂಟೂ ಸೈಟ್ ಮಾರಂಗಿಲ್ಲ.

ನಂಗೆ ಕಷ್ಟ ಆಗಿದ್ದು ಆಫೀಸ್ ಅಡ್ರೆಸ್. ನಾಲ್ಕು ವರ್ಷ ನನ್ ಆಫೀಸು ಬೈಕಿನ ಸೀಟು. ಒಂದು ಕಡೆ ನಿಲ್ಲೋನಾ ನಾನು. ಚಿಂತಾಮಣಿಯಲ್ಲಿ ಟೀ, ಚಿಕ್ಕಬಳ್ಳಾಪುರದಲ್ಲಿ ಊಟ. ಆಗ ನಂಬರೂ ಇರ್ಲಿಲ್ಲ, ಯಾರೂ ಕೇಳ್ತಾನೂ ಇರ್ಲಿಲ್ಲ. ಆ ನಾಲ್ಕು ವರ್ಷಾನೂ ನಾನು ಮಾರಿದ್ದು ರಮೇಶ್‌ಬಾಬು ಅವರ ಲೇಔಟ್‌ನೇ. ನಂದಿ ಹತ್ರ ಇರೋದು, ಭಾವ ಭಾನುವಾರ ತೋರ್ಸೋಕೆ ಹೊರಟಿರೋದು, ಅದೇ.

ಅಲ್ಲಿ ವ್ಯಾಪಾರ ಹೆಂಗೆ ಅಂದ್ರೆ, ವ್ಯಾನ್ ಇಳಿದ ತಕ್ಷಣ ಸೈಟ್ ತೋರ್ಸಲ್ಲ. ಶಾಮಿಯಾನದ ಕೆಳಗೆ ಕೂರ್ಸಿ ಮುದ್ದೆ, ನಾಟಿಕೋಳಿ ಸಾರು ಹಾಕ್ತೀವಿ. ತಿಂದಾದ್ಮೇಲೆ ಎದುರಿಗೆ ಬುಕಿಂಗ್ ಪುಸ್ತಕ ಇಡ್ತೀವಿ. ನಮ್ ಕಡೆ ಜನ ನಿಂಗೊತ್ತಲ್ಲ, ಒಬ್ಬರ ಎಲೇಲಿ ಉಂಡು ಬೇಡ ಅಂತ ಎದ್ದು ಹೋಗೋಕೆ ನಾಚಿಕೆ.

ಮುನಿಶಾಮಮ್ಮ ಅಂತ, ಜಂಗಮಕೋಟೆಯವರು. ರೇಷ್ಮೆಹುಳ ಗೂಡು ಕಟ್ಟೋ ಟೈಮಲ್ಲಿ ಬಿದಿರಿನ ಚಂದ್ರಿಕೆ ಬಾಡಿಗೆ ಕೊಡ್ತಾರೆ. ಅವ್ರು ಬೇರೆಯವರ ಜೊತೆಗೆ ಅಂತ ಬಂದೋರು, ಸೈಟ್ ತಗೊಳ್ಳೋಕಲ್ಲ. ಎರಡನೇ ಸಲ ಸಾರು ಬಡಿಸಿದ್ದು ನಾನೇ. ಕೈ ತೊಳ್ಕೊಂಡು ಬಂದು ಬರ್ಕೊಳ್ಳಪ್ಪ ಅಂದ್ರು. ವರ್ಷ ಬಿಟ್ಟು ಖಾತೆ ಮಾಡ್ಸೋಕೆ ಹೋದ್ರೆ, ಆ ಜಮೀನು ಇನ್ನೂ ಹೊಲಾನೇ, ಕನ್ವರ್ಷನ್ನೇ ಆಗಿಲ್ಲ, ಖಾತೆ ಆಗಲ್ಲ ಅಂದ್ರಂತೆ. ಕನ್ವರ್ಷನ್ ಆಗಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಕ್ಕ. ಆಗುತ್ತೆ ಆಗುತ್ತೆ ಅಂತ ರಮೇಶ್‌ಬಾಬು ಹೇಳ್ತಿದ್ರು, ನಾನೂ ಹೇಳ್ತಿದ್ದೆ.

ನಾಲ್ಕು ತಿಂಗಳು ನಾನು ಜಂಗಮಕೋಟೆ ದಾರೀನೇ ಬಿಟ್ಟಿದ್ದೆ. ದೇವನಹಳ್ಳಿಗೆ ಹೋಗೋಕೂ ಚಿಕ್ಕಬಳ್ಳಾಪುರ ಸುತ್ತಾಕ್ತಿದ್ದೆ. ಕೊನೆಗೆ ಶಿಡ್ಲಘಟ್ಟ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಾಕೊಂಡೆ. ಏಮಪ್ಪಾ ಮಧು, ಪೆಟ್ರೋಲ್ ಜಾಸ್ತಿ ಆಗ್ತಿದ್ಯಾ ಅಂದ್ರು. ಕಿರಿಚ್ತಾರೆ, ಜನ ಸೇರಿಸ್ತಾರೆ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಜಾಗ ಮಾಡಿ ಕೂರ್ಸ್ಕೊಂಡು ಹೇಳಿದ್ದು ಇಷ್ಟೇ:

"ಓಡಾಡೋನು ನನ್ ಕಣ್ಣಿಗೆ ಬೀಳಲ್ಲ, ಕೂತೋನು ಬೀಳ್ತಾನೆ. ನನ್ ಅಂಗಡಿ ಮುಂದಿನ ರೂಮು ಖಾಲಿ ಇದೆ. ಬಂದು ಕೂತ್ಕೋ."

ಹಂಗೆ ಆಫೀಸ್ ಆಯ್ತು. ಬಾಡಿಗೆ ಪತ್ರಕ್ಕೆ ಅವ್ರೇ ಸೈನ್ ಹಾಕಿದ್ರು, ಆದ್ರೆ ಸರಿಯಾಗಿ ನಂಬರ್ ಮಾಡ್ಸಿದ್ರೆ ಮಾತ್ರ ರೂಮು ಅಂದ್ರು. ಮಾಡ್ಸ್ದೆ. ಈಗ ಯಾರೇ ಸೈಟ್ ಕೇಳ್ಕೊಂಡು ಬಂದ್ರೂ ಮೊದ್ಲು ಅವ್ರು ಒಳಗಿಂದ ಬಂದು ತಮ್ಮ ಸೈಟಿನ ಕಥೆ ಪೂರ್ತಿ ಹೇಳ್ತಾರೆ. ನಾನು ತಲೆ ತಗ್ಗಿಸ್ಕೊಂಡು ಕೇಳ್ತೀನಿ. ಅರ್ಧ ಜನ ಅಲ್ಲಿಂದಾನೇ ವಾಪಸ್. ಮೂರು ತಿಂಗಳಲ್ಲಿ ಆಗಿರೋದು ಒಂದು ವ್ಯಾಪಾರ, ಅದು ಎಲ್ಲಾ ಪೇಪರ್ ಇರೋ ಲೇಔಟು. ಮಿಕ್ಕ ಟೈಮಲ್ಲಿ ಚಂದ್ರಿಕೆ ಎಣಿಸಿ ಕೊಡ್ತೀನಿ. ಅವ್ರು ರಮೇಶ್‌ಬಾಬು ಮೇಲೆ ಹಾಕಿರೋ ಕಂಪ್ಲೇಂಟಲ್ಲಿ, ಸೈಟ್ ತೋರ್ಸಿದ್ದು ನಾನೇ ಅಂತ ಬರೆದು ಸೈನ್ ಹಾಕಿದೀನಿ. ಇದರಿಂದ ನನ್ ನಂಬರ್‌ಗೆ ಏನಾಗುತ್ತೋ ಗೊತ್ತಿಲ್ಲ.

ನಿನ್ ಬೀದಿಯವರೆಲ್ಲಾ ಭಾವನ ಮುಖ ನೋಡಿ ವ್ಯಾನ್ ಹತ್ತುತ್ತಾರೆ. ನಾಳೆ ಖಾತೆ ಆಗ್ಲಿಲ್ಲ ಅಂದ್ರೆ ರಮೇಶ್‌ಬಾಬು ಮನೆ ಯಾರಿಗೂ ಗೊತ್ತಿಲ್ಲ, ನಿಮ್ಮನೆ ಎಲ್ರಿಗೂ ಗೊತ್ತು. ಭಾವ ಆ ಬೀದೀಲಿ ತಲೆ ಎತ್ತಿ ಓಡಾಡಂಗಿರಲ್ಲ. ಹನ್ನೆರಡು ಮನೇಗೂ ನೀನೇ ಹೋಗಿ ಹೇಳು. ನಿನ್ ಮಾತು ಕೇಳದೇ ಇದ್ರೆ ಭಾನುವಾರ ಬೆಳಗ್ಗೆ ನಾನು ಬರ್ತೀನಿ, ಮುನಿಶಾಮಮ್ಮನೂ ಬರ್ತಾರಂತೆ. ವ್ಯಾನ್ ಹೊರಡೋಕೆ ಮುಂಚೆ ಬಂದ್ಬಿಡ್ತೀವಿ. ಹೊಟ್ಟೆ ಖಾಲಿ ಇರೋವಾಗ್ಲೇ ನಮ್ ಜನಕ್ಕೆ ಬೇಡ ಅನ್ನೋಕೆ ಬರೋದು.

ಪಾಪೂಗೆ ಮುತ್ತು. ಭಾವನಿಗೆ ಓದಿ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು.

ನಿನ್ ತಮ್ಮ,
ಮಧು

ಸೈನ್ ಹಾಕಿ ಅರ್ಧ ಗಂಟೆ ಆಯ್ತು, ಕವರ್ ಅಂಟಿಸೋಕೆ ಆಗ್ತಿಲ್ಲ. ರಮೇಶ್‌ಬಾಬುಗೆ ಭಾವನ ನಂಬರ್ ಕೊಟ್ಟಿದ್ದು ನಾನೇ ಅಕ್ಕ. ಕೆಲಸ ಬಿಡ್ತೀನಿ ಅಂದಾಗ, ನಿನ್ ಜಾಗಕ್ಕೆ ಒಬ್ಬನ್ನ ತೋರ್ಸಿ ಹೋಗು, ಜನ ಕಣ್ಮುಚ್ಕೊಂಡು ನಂಬೋ ಅಂತವನು ಬೇಕು ಅಂದ್ರು. ನಂಗೆ ತಕ್ಷಣ ನೆನಪಾಗಿದ್ದು ಭಾವಾನೇ.