ಭಾನುವಾರದ ಬಾಟಲಿಗಳು

ಜೂನ್ 10, ಭಾನುವಾರ. ಜ್ಯೂರಿಕ್.

ಕೆಳಮನೆಯ ಲ್ಯೂತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೋದ ತಿಂಗಳು ಒಂದು ಭಾನುವಾರ ಖಾಲಿ ಬಾಟಲಿಯೊಂದನ್ನು, ಒಂದೇ ಒಂದನ್ನು, ನಾನು ಬೀದಿಯ ಹಳೇ ಗಾಜು ಹಾಕುವ ತೊಟ್ಟಿಗೆ ಎಸೆದದ್ದಕ್ಕೆ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಾಡಿದ್ದ. "ಭಾನುವಾರ ಸದ್ದು ಮಾಡಬಾರದು ಅನ್ನೋ ಊರಿನ ಕಾನೂನು ಗೊತ್ತಿಲ್ವೇನ್ರೀ? ಎಲ್ಲಿ ಬೆಳೆದ್ರಿ ನೀವು?" ಇದೇ ಬೀದಿಯಲ್ಲಿ ಬೆಳೆದವಳು ನಾನು!

ಇವತ್ತು ಕಾರ್ ರೇಸಿಗೆಂದು ಅದೇ ಬೀದಿಯ ಎರಡೂ ಬದಿ ಕಾಂಕ್ರೀಟ್ ಗೋಡೆ, ತಂತಿಬೇಲಿ. ವಿದ್ಯುತ್ ಕಾರುಗಳು ಹಲ್ಲಿನ ಡಾಕ್ಟರರ ಯಂತ್ರದ ಹಾಗೆ ಕಿರ್ರೆನ್ನುತ್ತ ಸುತ್ತಿದವು. ಲ್ಯೂತಿ ಬಾಲ್ಕನಿಯಲ್ಲಿ ನೆಂಟರನ್ನು ಕೂರಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ.

"ಇವತ್ತು ಭಾನುವಾರ ಅಲ್ವಾ, ಲ್ಯೂತಿಯವ್ರೇ?" ಎಂದು ಮೇಲಿನಿಂದ ಕೂಗಿ ಕೇಳಿದೆ.

"ಇದು ಕರೆಂಟಿನ ಕಾರು ಕಣ್ರೀ, ಸದ್ದೇ ಇಲ್ಲ!" ಎಂದು ಕಿರುಚಿದ. ಕಿರುಚದಿದ್ದರೆ ನನಗೆ ಕೇಳಿಸುತ್ತಲೇ ಇರಲಿಲ್ಲ.

ಅವನು ಕೂಗಾಡಿದ ದಿನದಿಂದ ಅಡುಗೆಮನೆಯಲ್ಲಿ ಕೂಡಿಟ್ಟಿದ್ದ ಬಾಟಲಿಗಳನ್ನು ಹೊತ್ತು ಇಳಿದೆ. ತೊಟ್ಟಿ ಇರುವುದು ಬೇಲಿಯ ಈಚೆ, ಅವನ ಬಾಲ್ಕನಿಯ ಕೆಳಗೇ. ಒಂದೊಂದನ್ನೇ ಎತ್ತಿ ಎಸೆದೆ. ನೆಂಟರು ಬಗ್ಗಿ ನೋಡಿದರು. ಅವನ ಬಾಯಿ ತೆರೆದು ಮುಚ್ಚಿದ್ದಷ್ಟೇ ಕಂಡಿತು. ಆ ಗದ್ದಲದಲ್ಲಿ ನನ್ನ ಬಾಟಲಿಗಳ ಸದ್ದೂ ಅಡಗಿಹೋಯಿತು. ಅದೇ ಹೊಟ್ಟೆಯುರಿ.

ಈಗ ಬೀದಿ ತಣ್ಣಗಿದೆ. ಅವನ ದೀಪವೂ ಆರಿತು. ಒಂದು ಬಾಟಲಿ ಉಳಿಸಿಕೊಂಡಿದ್ದೇನೆ. ಚಪ್ಪಲಿ ಎಲ್ಲಿ ಬಿಟ್ಟೆನೋ...