ಭಾಲ್ಕಿ ಹಿಂದ ಹೋತು

ಹಾಂ, ನಿನ್ನೆ ಮೈಲೂರ ಅಂಗನವಾಡಿ ತನಕ ಬರೆದಿದ್ದೆ. ಮೊಮ್ಮಗಳನ್ನ ಕರ್ಕೊಂಡು ಬರ್ಲಿಕ್ಕೆ ಹೋಗಿದ್ದೆ, ಶಶಿಕಲಾ. ಒಳಗ ಹುಡುಗರೆಲ್ಲ ತಾವೇ ಬಸ್ಸಾಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೀಲಿಕತ್ತಿದ್ದರು. ಟೀಚರ್ ಮರಿಯಮಬೀ ಬೈಲಿಲ್ಲ. ನೆಲದ ಮ್ಯಾಲೆ ಸುಣ್ಣದಕಡ್ಡೀಲೆ ರೋಡ್ ಗೀಚಿ ಸೀಟಿ ಊದಿದಳು.

"ಔರಾದ ಬಸ್ ಭಾಲ್ಕಿ ಸ್ಟ್ಯಾಂಡಿನಾಗ ನಿಂತದರಿ. ಇಳಿಯೋರು ಮೊದಲ ಇಳೀರಿ, ಆಮ್ಯಾಲೆ ಹತ್ತರಿ."

ಅಷ್ಟೂ ಮಂದಿ ಸಾಲಾಗಿ ನಿಂತರು. ಡಿಸಿಪ್ಲಿನ್ ಅಂದರ ಇದೇ ಏನೋ.

ಅದೇ ಶಬ್ದ ನಾ ಹಿಂದಕ ಭಾಲ್ಕಿಯೊಳಗ ನೀ ಟೀಚರ್ ಇದ್ದ ಅಂಗನವಾಡಿ ಬಾಗಿಲಾಗ ನಿಂತು ಒದರಿದ್ದೆ. "ನೋ ಡಿಸಿಪ್ಲಿನ್, ಓನ್ಲಿ ನಾಯ್ಸ್." ಹುಡುಗರ ಎದುರಿಗೇ ನಿನ್ನ ಕೈಯಾಗಿನ ಸೀಟಿ ಕಸ್ಕೊಂಡು ಜೇಬಿಗೆ ಹಾಕ್ಕೊಂಡೆ. ಸಂಜಿಗೆ ಮನ್ಯಾಗ ಕೇಳ್ತಿ, ಕೊಟ್ಟರಾಯ್ತು ಅಂದ್ಕೊಂಡಿದ್ದೆ. ನೀ ಕೇಳಲಿಲ್ಲ. ಮರುದಿನದಿಂದ ನಿನ್ನ ಹುಡುಗರು ಕೈಕಟ್ಟಿ ಕುಂತರು. ನಾ ಅದನ್ನ ಊರೆಲ್ಲ ಹೇಳ್ಕೊಂಡು ಅಡ್ಡಾಡಿದೆ.

ಇಲ್ಲಿ ಮೈಲೂರಾಗ ಖುಷ್ಬೂ ಅನ್ನೋ ಸಣ್ಣ ಹುಡುಗಿ ನನ್ನ ಅಂಗಿ ಹಿಡಿದು ಜಗ್ಗಿದಳು. "ಹತ್ತರಿ ಅಜ್ಜಾ. ಎಲ್ಲಿಗೆ ಹೋಗ್ತೀರಿ?"

"ಭಾಲ್ಕಿ," ಅಂದೆ.

"ಭಾಲ್ಕಿ ಹಿಂದ ಹೋತಲ್ಲರಿ. ಈಗ ಔರಾದೇ."

ಹುಡುಗರ ಹಿಂದ ಆ ಗೀಚಿದ ರೋಡಿನ ಮ್ಯಾಲೆ ಔರಾದ ತನಕ ಓಡಿದೆ. ಮೊಮ್ಮಗಳು ನಕ್ಕೊಂತ ಅಜ್ಜ ಪಂಕ್ಚರ್ ಆದ ಅಂದಳು.

ಮನಿಗೆ ಬಂದು ಟ್ರಂಕ್ ತೆಗೆದೆ. ನೀ ತೀರಿಹೋಗಿ ಎರಡು ವರ್ಷ ಆದರೂ ನಿನ್ನ ಸೀಟಿ ಅಲ್ಲೇ ಅದ. ಒರೆಸಿ ಮುಂದಿಟ್ಕೊಂಡು ಕುಂತೇನಿ. ಊದಬೇಕು ಅಂತ ಬಾಯಿ ತನಕ ಒಯ್ದೆ, ಶಶಿಕಲಾ, ಆದರ...

ಬೆಳಕು ಹೋಗ್ಲಿಕತ್ತದ. ಅಕ್ಷರ ಕಾಣಿಸವಲ್ವು.